ಕೋಳಿ ಮೂತ್ರ ಮಾಡುವುದಿಲ್ಲವೇ?

ಹಸು ಗಂಜಲ ಹಾಕುವುದನ್ನು ನೀವು ದಿನವೂ ನೋಡುತ್ತೀರಿ. ಕೋಳಿ ಮೂತ್ರ ಮಾಡಿದ್ದನ್ನು ಕಂಡವರುಂಟೇ? ಹಾಗಾದರೆ ಅದರ ಮೈಯ ಕಲ್ಮಷ ಹೊರಹೋಗುವುದು ಹೇಗೆ? ಹಿಕ್ಕೆಯ ಮೇಲೆ ಸುಣ್ಣ ಬಳಿದಂತೆ ಕಾಣುವ ಬಿಳಿಯ ಭಾಗವುಂಟಲ್ಲ, ಅದೇ ಕೋಳಿಯ ಮೂತ್ರ.

ಮೂತ್ರಪಿಂಡವು ರಕ್ತವನ್ನು ಸೋಸುವ ಅಂಗ. ಅದರೊಳಗೆ ಅತಿ ಸೂಕ್ಷ್ಮವಾದ ರಕ್ತನಾಳಗಳ ಉಂಡೆಗಳೂ, ಒಂದೊಂದು ಉಂಡೆಗೂ ಸೇರಿದ ಒಂದೊಂದು ಕೊಳವೆಯೂ ಇರುತ್ತವೆ. ಮನುಷ್ಯನ ಒಂದು ಮೂತ್ರಪಿಂಡದಲ್ಲಿ ಇಂಥವು ಸುಮಾರು ೧೦ ಲಕ್ಷ. ರಕ್ತಕಣಗಳು ಉಂಡೆಯಲ್ಲಿಯೇ ಉಳಿದು, ನೀರು, ಉಪ್ಪು, ಕಲ್ಮಷಗಳು ಕೊಳವೆಗೆ ಇಳಿಯುತ್ತವೆ. ಹೀಗೆ ಇಳಿಯುವುದು ದಿನಕ್ಕೆ ಸುಮಾರು ೧೮೦ ಲೀಟರು. ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರು ಮಾತ್ರ. ಉಳಿದುದನ್ನು ಕೊಳವೆಗಳು ಹೀರಿ ರಕ್ತಕ್ಕೆ ಮರಳಿಸುತ್ತವೆ. ಹಸುವಿನಲ್ಲಿಯೂ ಕ್ರಮ ಇದೇ. ಅದರ ಕಲ್ಮಷವು ಯೂರಿಯಾ ರೂಪದಲ್ಲಿ ನೀರಿನಲ್ಲಿ ಕರಗಿ ಹೋಗುತ್ತದೆ. ಹೊಲಕ್ಕೆ ಎರಚುವ ಯೂರಿಯಾ ಇದೇ ವಸ್ತು. ಗಂಜಲವನ್ನು ಮೋರಿಗೆ ಬಿಡುವವರು ಇದನ್ನು ನೆನೆಯಲಿ.

ಕೋಳಿಯ ರೀತಿ ಬೇರೆ. ಅದರ ಮೈಯಲ್ಲಿ ಯೂರಿಯಾಕ್ಕೆ ಬದಲು ಯೂರಿಕ್ ಆಮ್ಲ ತಯಾರಾಗುತ್ತದೆ. ಇದು ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಮುಚ್ಚಿದ ಮೊಟ್ಟೆಯೊಳಗೆ ೨೧ ದಿನ ಬೆಳೆಯುವ ಮರಿಗೆ ಇದು ಅನುಕೂಲವೇ. ಕಲ್ಮಷವು ಗಟ್ಟಿಯಾಗಿ ಒಂದು ಕಡೆ ಕೂತಿರುತ್ತದೆ, ಮರಿಗೆ ವಿಷವೇರುವುದಿಲ್ಲ. ಈ ಆಮ್ಲದ ಹೆಚ್ಚಿನ ಪಾಲು ಉಂಡೆಯಲ್ಲಿ ಸೋಸಿ ಬರುವುದಲ್ಲ. ಕೊಳವೆಯ ಗೋಡೆಗಳೇ ಅದನ್ನು ರಕ್ತದಿಂದ ಎಳೆದು ಹೊರಗೆ ಬಿಡುತ್ತವೆ. ಕೋಳಿಗೆ ಮೂತ್ರಕೋಶವಿಲ್ಲವಾದುದರಿಂದ ಅದು ಹಿಕ್ಕೆಯೊಡನೆ ಬೀಳುತ್ತದೆ.

ಕೊಳವೆಗಳು ಕೆಟ್ಟವೆಂದರೆ ಆಮ್ಲವು ರಕ್ತದಲ್ಲಿಯೇ ನಿಂತು, ಹೃದಯ ಮತ್ತು ಪಿತ್ತಜನಕಾಂಗದ ಮೇಲೆ ಸುಣ್ಣದ ಪುಡಿಯಂತೆ ಕೂಡುತ್ತದೆ. ಕೋಳಿ ಸಾಯುತ್ತದೆ. ಬೇಸಿಗೆಯಲ್ಲಿ ನೀರಿನ ಬಟ್ಟಲು ಬರಿದಾಗಿರುವುದು ಇದಕ್ಕೆ ಒಂದು ಕಾರಣ. ಮೊಟ್ಟೆಕೋಳಿಯ ಆಹಾರವನ್ನೇ ಮರಿಗಳಿಗೂ ಹಾಕುವುದು ಇನ್ನೊಂದು. ಚಿಪ್ಪು ಗಟ್ಟಿಯಾಗಲೆಂದು ಆ ಆಹಾರದಲ್ಲಿ ನೂರಕ್ಕೆ ಸುಮಾರು ೪ ಭಾಗ ಕ್ಯಾಲ್ಸಿಯಂ ಇರುತ್ತದೆ. ಮರಿಗೆ ಬೇಕಾದುದು ಸುಮಾರು ೧ ಭಾಗ. ಹೆಚ್ಚಾದುದು ಮರಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೆಲವು ಸೋಂಕುಗಳಿಂದಲೂ ಹೀಗಾಗುವುದುಂಟು. ಆದುದರಿಂದ ಎರಡು ಮೂರು ಕೋಳಿ ಸತ್ತೊಡನೆ ಪಶುವೈದ್ಯರಿಗೆ ತೋರಿಸಿ.

ರಣಹದ್ದುಗಳು ನಮ್ಮ ಆಕಾಶದಿಂದ ಮರೆಯಾದುದೂ ಇದೇ ರೀತಿ. ದನಗಳ ನೋವಿಗೆ ಚುಚ್ಚಿದ ಡೈಕ್ಲೋಫೆನಾಕ್ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತಿತ್ತು. ಅವುಗಳ ಹೊಟ್ಟೆಯೊಳಗೂ ಅದೇ ಬಿಳಿಪುಡಿ. ೨೦೦೪ರಲ್ಲಿ ವಿಜ್ಞಾನಿಗಳು ಈ ಕಾರಣವನ್ನು ಪ್ರಕಟಿಸಿದರು. ೨೦೦೬ರಲ್ಲಿ ಭಾರತ ಸರ್ಕಾರವು ಅದನ್ನು ದನಗಳ ಔಷಧವಾಗಿ ತಯಾರಿಸುವುದನ್ನು ತಡೆಯಿತು. ಆದರೆ ಮನುಷ್ಯರ ಔಷಧವಾಗಿ ಅದು ಅಂಗಡಿಗಳಲ್ಲಿ ದೊರೆಯುತ್ತದೆ. ಕುಂಟುವ ಎತ್ತಿಗೆಂದು ಅದನ್ನು ತಂದು ಚುಚ್ಚಿಸಬೇಡಿ. ಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಂ ಇದೆ, ಪಶುವೈದ್ಯರನ್ನು ಕೇಳಿ. ಡೈಕ್ಲೋಫೆನಾಕ್ ಪಡೆದ ದನ ಸತ್ತಿದ್ದರೆ, ಊರಾಚೆ ಎಸೆಯದೆ ಆಳವಾದ ಗುಂಡಿ ತೋಡಿ ಹೂಳಿಸಿ.