ಸಾಲ ತೀರಿದ ಮೇಲೂ ಸಿಬಿಲ್ ಸ್ಕೋರ್ ಇಳಿಯುವುದು ಏಕೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಅಕೌಂಟೆನ್ಸಿ ತರಗತಿಯಲ್ಲಿ ನಾವು ಕಲಿತ ಲೆಕ್ಕ ಸರಳ. ಸಾಲ ತೀರಿಸಿದಾಗ ಸಾಲದ ಖಾತೆಗೆ ಡೆಬಿಟ್, ಬ್ಯಾಂಕ್ ಖಾತೆಗೆ ಕ್ರೆಡಿಟ್. ಬ್ಯಾಲೆನ್ಸ್ ಶೀಟ್‌ನಲ್ಲಿ ಹೊಣೆ ಕಡಿಮೆಯಾಗುತ್ತದೆ. ಮನೆಯಲ್ಲಿ ದೊಡ್ಡವರು ಹೇಳುವುದೂ ಇದನ್ನೇ: ಕರ್ಜಾ ತಲೆಯ ಮೇಲೆ ಇಟ್ಟುಕೊಳ್ಳಬೇಡಿ, ಬೇಗ ತೀರಿಸಿ. ಆದರೆ ಬೈಕ್ ಸಾಲದ ಕೊನೆಯ ಕಂತು ಕಟ್ಟಿ, ಸ್ವಲ್ಪ ದಿನದ ನಂತರ ಸಿಬಿಲ್ ಸ್ಕೋರ್ ನೋಡಿದವರಿಗೆ ಕೆಲವೊಮ್ಮೆ ಆಶ್ಚರ್ಯ ಕಾದಿರುತ್ತದೆ. ಏರಬೇಕಾದ ಸ್ಕೋರ್ ಇಳಿದಿರುತ್ತದೆ! ಹಾಗಾದರೆ ಸಾಲ ಕಟ್ಟಿದ್ದೇ ತಪ್ಪೇ?

ತಪ್ಪಲ್ಲ. ಆದರೆ ಸ್ಕೋರ್ ಇಳಿಯುವುದರಲ್ಲಿ ಎರಡು ವಿಧ ಇದೆ. ಒಂದು, ತಾನಾಗಿಯೇ ಸರಿಹೋಗುವ ಸಣ್ಣ ಇಳಿಕೆ. ಇನ್ನೊಂದು, ನಾವು ಗಮನಿಸಿ ಸರಿಪಡಿಸದಿದ್ದರೆ ವರ್ಷಗಟ್ಟಲೆ ಕಾಡುವ ಇಳಿಕೆ. ಇವೆರಡರ ವ್ಯತ್ಯಾಸ ನಮಗೆ ಗೊತ್ತಿರಬೇಕು. ಏಕೆಂದರೆ ಪಿಯುಸಿ ಮುಗಿದ ಮೇಲೆ ನಮ್ಮಲ್ಲಿ ಕೆಲವರು ಶೈಕ್ಷಣಿಕ ಸಾಲಕ್ಕೆ ಅರ್ಜಿ ಹಾಕುತ್ತೇವೆ. ಆ ಅರ್ಜಿಯಲ್ಲಿ ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಮಾಡುತ್ತಾರೆ. ಆಗ ಬ್ಯಾಂಕಿನವರು ಅವರ ಹಳೆಯ ಸಾಲದ ವರದಿಯನ್ನೂ ತೆರೆದು ನೋಡುತ್ತಾರೆ.

ಸ್ಕೋರ್ ಎಂದರೇನು?

ನಮ್ಮ ದೇಶದಲ್ಲಿ ಸಾಲದ ಮಾಹಿತಿ ಇಡುವ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಇವು 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿ ಕೆಲಸ ಮಾಡುತ್ತವೆ. ಇವುಗಳಲ್ಲಿ ಮೊದಲು, 2000ನೇ ಇಸವಿಯಲ್ಲಿ ಶುರುವಾದದ್ದು ಸಿಬಿಲ್. ಅದಕ್ಕೇ ಜನ ಯಾವ ಕಂಪನಿಯ ಸ್ಕೋರ್ ಆದರೂ 'ಸಿಬಿಲ್' ಎಂದೇ ಕರೆಯುತ್ತಾರೆ.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಒಳ್ಳೆಯದು ಎನ್ನುತ್ತಾರೆ. ಇಲ್ಲಿ ಒಂದು ಮಾತು ನೆನಪಿಡಿ: ಸ್ಕೋರ್ ನಮ್ಮ ಬ್ಯಾಲೆನ್ಸ್ ಶೀಟ್ ಅಲ್ಲ. ಉಳಿತಾಯ ಖಾತೆಯ ಹಣ, ಮನೆಯ ಚಿನ್ನ, ಜಮೀನು ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ. 'ಈ ವ್ಯಕ್ತಿಗೆ ಮುಂದೆ ಸಾಲ ಕೊಟ್ಟರೆ ಸಮಯಕ್ಕೆ ಸರಿಯಾಗಿ ಕಟ್ಟುವರೇ?' ಎಂಬ ಒಂದೇ ಪ್ರಶ್ನೆಗೆ ಹಳೆಯ ದಾಖಲೆ ನೋಡಿ ಹಾಕುವ ಅಂದಾಜು ಅದು. ಕಂತು ಸಮಯಕ್ಕೆ ಕಟ್ಟಿದ್ದಾರೆಯೇ, ಕಾರ್ಡಿನ ಮಿತಿಯಲ್ಲಿ ಎಷ್ಟು ಬಳಸಿದ್ದಾರೆ, ಯಾವ ಯಾವ ಬಗೆಯ ಸಾಲ ಎಷ್ಟು ವರ್ಷದಿಂದ ಇದೆ, ಇತ್ತೀಚೆಗೆ ಹೊಸ ಸಾಲಕ್ಕೆ ಎಷ್ಟು ಅರ್ಜಿ ಹಾಕಿದ್ದಾರೆ, ಇವು ಅದರ ಮುಖ್ಯ ಅಂಶಗಳು.

ಬ್ಯಾಂಕ್ ಸಾಲ ಮಾತ್ರವಲ್ಲ, ಫೈನಾನ್ಸ್ ಕಂಪನಿಯ ಬೈಕ್ ಸಾಲ, ಚಿನ್ನದ ಸಾಲ, ಮೈಕ್ರೋಫೈನಾನ್ಸ್ ಸಾಲ, ಕಂತಿನಲ್ಲಿ ಕೊಂಡ ಮೊಬೈಲ್, ಇವೆಲ್ಲವೂ ವರದಿಗೆ ಹೋಗುತ್ತವೆ. ನೆಂಟರಿಂದ ಪಡೆದ ಕೈಸಾಲ ಹೋಗುವುದಿಲ್ಲ.

ಚಿಂತಿಸಬೇಕಿಲ್ಲದ ಇಳಿಕೆ

1. ಇದ್ದ ಒಂದೇ ಸಾಲ ಮುಗಿದಾಗ: ಪ್ರತಿ ತಿಂಗಳು ಇಎಂಐ ಕಟ್ಟುವುದು ಪ್ರತಿ ತಿಂಗಳ ಟೆಸ್ಟ್ ಪಾಸಾದ ಹಾಗೆ. ಸಾಲ ಮುಗಿದ ಮೇಲೆ ಹೊಸ ಟೆಸ್ಟ್ ಇಲ್ಲ. ಹಳೆಯ ಅಂಕಗಳು ವರದಿಯಲ್ಲಿ ಉಳಿಯುತ್ತವೆ, ಆದರೆ ಹೊಸ ಮಾಹಿತಿ ಸೇರುವುದಿಲ್ಲ. ವಾಹನ ಸಾಲ ಮುಗಿದು ಬರೀ ಕ್ರೆಡಿಟ್ ಕಾರ್ಡ್ ಉಳಿದರೆ ಸಾಲಗಳ ಮಿಶ್ರಣವೂ ಬದಲಾಗುತ್ತದೆ. ಇದರಿಂದ ಸ್ಕೋರ್ ಸ್ವಲ್ಪ ಇಳಿಯಬಹುದು.

2. ಮಾಹಿತಿ ತಲುಪುವುದು ತಡವಾದಾಗ: ನಾವು ಹಣ ಕಟ್ಟಿದ ಕ್ಷಣವೇ ಸಿಬಿಲ್‌ಗೆ ಗೊತ್ತಾಗುವುದಿಲ್ಲ. ಸಾಲ ಕೊಟ್ಟ ಸಂಸ್ಥೆ ಮಾಹಿತಿ ಕಳಿಸಬೇಕು. 2025ರ ಜನವರಿ 1ರಿಂದ ಕನಿಷ್ಠ 15 ದಿನಕ್ಕೊಮ್ಮೆ ಕಳಿಸಬೇಕು ಎಂಬ ನಿಯಮ ಬಂದಿದೆ. ಅದಕ್ಕೂ ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದರು. ಆದ್ದರಿಂದ ಕೊನೆಯ ಕಂತು ಕಟ್ಟಿದ ವಾರದಲ್ಲೇ ನೋಡಿದರೆ ಕಾಣುವುದು ಹಳೆಯ ಚಿತ್ರ.

3. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದಾಗ: ಹೊಸ ಸಾಲದ ಅರ್ಜಿ ಬಂದಾಗ ಬ್ಯಾಂಕ್ ವರದಿ ಕೇಳುತ್ತದೆ. ಆ ವಿಚಾರಣೆ ದಾಖಲಾಗುತ್ತದೆ. ಕಡಿಮೆ ಸಮಯದಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಿದರೆ ಸ್ಕೋರ್ ಇಳಿಯುತ್ತದೆ. ಇಲ್ಲಿ ಸ್ಕೋರ್ ಇಳಿಸಿದ್ದು ಹಳೆಯ ಸಾಲ ತೀರಿಸಿದ್ದಲ್ಲ, ಹೊಸ ಅರ್ಜಿ. ಆದರೆ ನಮ್ಮ ಸ್ಕೋರ್ ನಾವೇ ನೋಡಿಕೊಂಡರೆ ಒಂದು ಅಂಕವೂ ಇಳಿಯುವುದಿಲ್ಲ.

4. ಕಾರ್ಡಿನ ಬಾಕಿ ತೀರಿಸಿ ಕಾರ್ಡನ್ನೂ ರದ್ದು ಮಾಡಿದಾಗ: ಇದಕ್ಕೆ ಒಂದು ಲೆಕ್ಕ ನೋಡೋಣ. ಒಬ್ಬರ ಬಳಿ ಎರಡು ಕಾರ್ಡ್ ಇವೆ. ಮೊದಲನೆಯದರ ಮಿತಿ ರೂ. 60,000, ಬಾಕಿ ಪೂರ್ತಿ ತೀರಿದೆ. ಎರಡನೆಯದರ ಮಿತಿ ರೂ. 40,000, ಬಾಕಿ ರೂ. 24,000.

ರದ್ದು ಮಾಡುವ ಮೊದಲು: 24,000 ÷ 1,00,000 × 100 = ಶೇ. 24
ಮೊದಲ ಕಾರ್ಡ್ ರದ್ದು ಮಾಡಿದ ಮೇಲೆ: 24,000 ÷ 40,000 × 100 = ಶೇ. 60

ಬಾಕಿ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಆದರೂ ಬಳಕೆಯ ಪ್ರಮಾಣ ಶೇ. 24ರಿಂದ 60ಕ್ಕೆ ಏರಿತು. ಇದನ್ನು ಶೇ. 30ರ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ಸಾಮಾನ್ಯ ಸಲಹೆ. ಇಲ್ಲಿ ಪರಿಹಾರ ಎರಡನೇ ಕಾರ್ಡಿನ ಬಾಕಿಯನ್ನೂ ತೀರಿಸುವುದು. ಅದನ್ನು ಮೊದಲು ತೀರಿಸಿ, ಆಮೇಲೆ ಬೇಡದ ಕಾರ್ಡ್ ರದ್ದು ಮಾಡಿದ್ದರೆ ಈ ಏರಿಕೆಯೇ ಇರುತ್ತಿರಲಿಲ್ಲ.

ಸುಮ್ಮನಿರಬಾರದ ಇಳಿಕೆ

ಮೊದಲನೆಯದು 'ಸೆಟಲ್ಡ್' ಎಂಬ ಪದ. ನಮ್ಮ ಮಾತಿನಲ್ಲಿ 'ಲೆಕ್ಕ ಸೆಟಲ್ ಆಯಿತು' ಎಂದರೆ ಪೂರ್ತಿ ಮುಗಿಯಿತು ಎಂದರ್ಥ. ಸಾಲದ ವರದಿಯಲ್ಲಿ ಅದರ ಅರ್ಥ ಬೇರೆ. ಉದಾಹರಣೆಗೆ, ಒಬ್ಬರ ಬಾಕಿ ರೂ. 1,00,000 ಇದೆ, ಕಟ್ಟಲು ಆಗುತ್ತಿಲ್ಲ. ವಸೂಲಿಗೆ ಬಂದವರು 'ಒಂದೇ ಸಲ 60,000 ಕೊಡಿ, ಸೆಟಲ್ ಮಾಡಿಬಿಡೋಣ' ಎನ್ನುತ್ತಾರೆ. ಕುಟುಂಬದವರು ಹೇಗೋ ಹಣ ಹೊಂದಿಸಿ ಕೊಟ್ಟು, ಸಾಲ ತೀರಿತು ಎಂದು ನೆಮ್ಮದಿಯಾಗುತ್ತಾರೆ. ಬ್ಯಾಂಕಿನ ಪುಸ್ತಕದಲ್ಲಿ ರೂ. 40,000 ನಷ್ಟ. ನಾವು ಓದಿದ ಬ್ಯಾಡ್ ಡೆಟ್ಸ್ ಇದೇ. ವರದಿಯಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಎಂದು ಬರುತ್ತದೆ. ಮುಂದೆ ಅದನ್ನು ಓದುವ ಬ್ಯಾಂಕಿಗೆ ಅರ್ಥವಾಗುವುದು 'ಇವರು ಪೂರ್ತಿ ಕಟ್ಟಲಿಲ್ಲ' ಎಂದು. ಬೇರೆ ದಾರಿಯೇ ಇಲ್ಲದಾಗ ಸೆಟಲ್‌ಮೆಂಟ್ ಮಾಡಿಕೊಳ್ಳಬೇಕಾಗಬಹುದು. ಆದರೆ ಸಹಿ ಮಾಡುವ ಮೊದಲು ಅದರ ಅರ್ಥ ಗೊತ್ತಿರಬೇಕು. ನಂತರ ಕೈಯಲ್ಲಿ ಹಣ ಬಂದಾಗ ಬ್ಯಾಂಕಿಗೆ ಹೋಗಿ, ಉಳಿದ ಮೊತ್ತ ಕಟ್ಟಿ, ಖಾತೆಯನ್ನು 'ಕ್ಲೋಸ್ಡ್' ಎಂದು ತಿದ್ದಿಸಲು ಕೇಳಬಹುದು.

ಎರಡನೆಯದು ತಪ್ಪು ದಾಖಲೆ. ಸಾಲ ಪೂರ್ತಿ ಕಟ್ಟಿದ್ದರೂ ವರದಿಯಲ್ಲಿ ಇನ್ನೂ ಬಾಕಿ ಎಂದು ಇರಬಹುದು. ಕೊನೆಯಲ್ಲಿ ಉಳಿದ ಸಣ್ಣ ದಂಡದ ಮೊತ್ತ ಯಾರಿಗೂ ಗೊತ್ತಾಗದೆ ಪ್ರತಿ ತಿಂಗಳು ಸುಸ್ತಿ ಎಂದು ಬೀಳುತ್ತಿರಬಹುದು. ಇದು ತಾನಾಗಿ ಸರಿಹೋಗುವುದಿಲ್ಲ.

ಸಾಲ ತೀರಿದ ಮೇಲೆ ಮಾಡಬೇಕಾದ ಕೆಲಸ

• ಬಾಕಿ ಇಲ್ಲ ಎಂಬ ಪತ್ರ, ಅಂದರೆ ಎನ್‌ಒಸಿ, ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಸಾಲದು.
• ಒಂದೂವರೆ ತಿಂಗಳಾದ ಮೇಲೆ ವರದಿ ನೋಡಿ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು.
• ಸ್ಕೋರ್ ಒಂದನ್ನೇ ನೋಡಬೇಡಿ. ಖಾತೆಯ ಮುಂದೆ 'ಕ್ಲೋಸ್ಡ್' ಎಂದಿದೆಯೇ, ಬಾಕಿ ಸೊನ್ನೆ ಇದೆಯೇ ನೋಡಿ.
• ತಪ್ಪಿದ್ದರೆ ಸಾಲ ಕೊಟ್ಟ ಸಂಸ್ಥೆಗೆ ಅಥವಾ ಮಾಹಿತಿ ಕಂಪನಿಗೆ ಎನ್‌ಒಸಿ ಜೊತೆ ದೂರು ಕೊಡಿ. 30 ದಿನದಲ್ಲಿ ಪರಿಹಾರವಾಗದಿದ್ದರೆ ನಂತರದ ಪ್ರತಿ ದಿನಕ್ಕೆ ರೂ. 100 ಪರಿಹಾರ ಕೊಡಬೇಕು ಎಂಬ ನಿಯಮವಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.
• 'ಹಣ ಕೊಡಿ, ಸಿಬಿಲ್ ಸರಿ ಮಾಡಿಸುತ್ತೇವೆ' ಎನ್ನುವವರನ್ನು ನಂಬಬೇಡಿ. ನಿಜವಾದ ದಾಖಲೆಯನ್ನು ಯಾರೂ ಅಳಿಸಲಾರರು. ತಪ್ಪು ದಾಖಲೆ ತಿದ್ದಿಸಲು ದುಡ್ಡು ಬೇಕಿಲ್ಲ.

ಹಾಗಾದರೆ ಸಾಲ ಬೇಗ ತೀರಿಸಬಾರದೇ?

ಸ್ಕೋರ್ ಇಳಿಯುತ್ತದೆ ಎಂದು ಸಾಲ ಉಳಿಸಿಕೊಳ್ಳುವುದು ನಷ್ಟದ ವ್ಯಾಪಾರ. ಶೇ. 14ರ ಬಡ್ಡಿಯಲ್ಲಿ ರೂ. 1,00,000 ಬಾಕಿ ಇದ್ದರೆ ಒಂದು ವರ್ಷಕ್ಕೆ ಬಡ್ಡಿಯೇ ರೂ. 14,000. ಕೆಲವು ಅಂಕಗಳಿಗೆ ಇಷ್ಟು ಬೆಲೆ ಕೊಡುವವರು ಕಾಮರ್ಸ್ ಓದಿದವರಲ್ಲ!

ನಮ್ಮಲ್ಲಿ ಅನೇಕ ಮನೆಗಳು ಬಡ್ಡಿಯ ಕಾರಣಕ್ಕೆ ಬ್ಯಾಂಕ್ ಸಾಲದಿಂದ ದೂರವೇ ಇರುತ್ತವೆ. ಸಾಲದ ಇತಿಹಾಸವೇ ಇಲ್ಲದವರ ಸಿಬಿಲ್ ವರದಿಯಲ್ಲಿ ಸ್ಕೋರ್ ಜಾಗದಲ್ಲಿ '-1' ಅಥವಾ 'ಎನ್‌ಎಚ್' ಎಂದು ಬರುತ್ತದೆ. ನೋಡಿ ಗಾಬರಿಯಾಗಬೇಡಿ. ಅದು ಕೆಟ್ಟ ಸ್ಕೋರ್ ಅಲ್ಲ, ದಾಖಲೆ ಇಲ್ಲ ಎಂದಷ್ಟೇ ಅರ್ಥ. ಸ್ಕೋರ್ ಹುಟ್ಟಿಸುವುದಕ್ಕಾಗಿ ಬೇಡದ ಸಾಲ ಮಾಡುವ ಅಗತ್ಯವಿಲ್ಲ. ಸ್ಕೋರ್ ಕಡಿಮೆ ಇರುವವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. ಸ್ಕೋರ್ ಕಡಿಮೆ ಎಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯ ಶೈಕ್ಷಣಿಕ ಸಾಲದ ಅರ್ಜಿ ತಿರಸ್ಕರಿಸಬಾರದು ಎಂದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ.

ಇನ್ನೊಂದು ವರ್ಷದಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬುತ್ತದೆ. ಆಮೇಲೆ ಕಂತಿನಲ್ಲಿ ಕೊಳ್ಳುವ ಮೊದಲ ಮೊಬೈಲ್‌ನಿಂದಲೇ ನಮ್ಮ ಹೆಸರಿನ ವರದಿ ಶುರು. ಅದಕ್ಕೂ ಮೊದಲು ಒಂದು ಕೆಲಸ ಇದೆ. ಶೈಕ್ಷಣಿಕ ಸಾಲ ಬೇಕಾಗಬಹುದು ಎನ್ನುವವರು ಅರ್ಜಿಯ ಸಮಯಕ್ಕೆ ಕಾಯದೆ, ಈಗಲೇ ಅಬ್ಬಾ ಅಮ್ಮಿಯ ಜೊತೆ ಕುಳಿತು ಅವರ ಉಚಿತ ವರದಿ ತೆಗೆದು ಓದಿ. ಅದರಲ್ಲಿ ತಪ್ಪು ಸಿಕ್ಕರೆ ತಿದ್ದಿಸಲು ಸಮಯ ಇರುತ್ತದೆ. ಕಾಲೇಜು ಫೀಸ್ ಕಟ್ಟುವ ಕೊನೆಯ ದಿನದಂದು ಗೊತ್ತಾದರೆ ಇರುವುದಿಲ್ಲ.