ಮಸಿ ಹಿಡಿದ ಪ್ಲಗ್ಗು, ದಮ್ಮಿರುವ ಫಿಯೆಟ್ಟು

ನೋಡು ಮಗೂ, ಪ್ಲಗ್ಗಿಗೆ ಮಸಿ ಹಿಡಿಯಿತು ಅಂದ ಮಾತ್ರಕ್ಕೆ ಪ್ಲಗ್ಗು ಕೆಟ್ಟಿದೆ ಅಂತಲ್ಲ. ಒಳಗೆ ಉರಿ ಹೇಗಿದೆ ಅನ್ನುವುದನ್ನು ಕಣ್ಣಾರೆ ನೋಡಿ ಬಂದು ಹೇಳುವುದು ಆ ನಾಲ್ಕು ಪ್ಲಗ್ಗುಗಳೇ. ಅವು ಹೇಳಿದ್ದನ್ನು ಕೇಳದೆ ಹೊಸದು ಹಾಕುವುದು, ಮತ್ತೆ ಮಿಸ್ಸಿಂಗ್ ಹೊಡೆದರೆ ಇನ್ನೂ ಹಾಟ್ ಆದದ್ದು ಹಾಕುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಳೆಯ ಫಿಯೆಟ್ಟಿಗೆ ದಮ್ಮು ತುಂಬಿಸಿಕೊಂಡ ಹುಡುಗರು ಈ ದಾರಿ ಹಿಡಿದು ಒಳ್ಳೊಳ್ಳೆಯ ಪಿಸ್ಟನ್ ಸುಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಈ ಮಾತು.

ನಿನ್ನ ಗಾಡಿ 1964ರಿಂದ ಬಾಂಬೆಯ ಕುರ್ಲಾದಲ್ಲಿ ತಯಾರಾಗಿ, ಮುಂದೆ ಪ್ರೀಮಿಯರ್ ಪದ್ಮಿನಿ ಅನ್ನಿಸಿಕೊಂಡ ಅದೇ 1089 ಸಿಸಿ ಇಂಜಿನ್ನಿನದು. ಮದ್ರಾಸಿನ ಹತ್ತಿರದ ಶೋಲಾವರಂನ ಹಳೆಯ ರನ್‌ವೇ ಮೇಲೆ ರೇಸ್ ಓಡಿದ ಇಂಜಿನ್ನೂ ಇದೇ. ಹೆಡ್ಡು ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸಿದ್ದೀಯ, ಕ್ಯಾಮ್ ಬದಲಿಸಿದ್ದೀಯ, ಸೋಲೆಕ್ಸ್ ಕಾರ್ಬುರೇಟರ್ ತೆಗೆದು ವೆಬರ್ ಕೂರಿಸಿದ್ದೀಯ. ಪೂರಾ ಆಕ್ಸಿಲರೇಟರ್ ಒತ್ತಿದಾಗ ಅದು ಮೊದಲಿಗಿಂತ ಹೆಚ್ಚು ಕಾಯುತ್ತದೆ, ನಿಜ. ಆದರೆ ದಿನಾ ಒತ್ತುವುದೆಲ್ಲಿ? ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಫಸ್ಟ್ ಗೇರ್, ನ್ಯೂಟ್ರಲ್, ಮತ್ತೆ ಫಸ್ಟ್ ಗೇರ್. ಒಂದೇ ಪ್ಲಗ್ಗು ಈ ಎರಡೂ ಬಾಳನ್ನು ಬಾಳಬೇಕು. ನಿನ್ನ ತೊಂದರೆಯ ಬೇರು ಅಲ್ಲಿದೆ.

ಹಾಟ್ ಪ್ಲಗ್, ಕೋಲ್ಡ್ ಪ್ಲಗ್ ಅನ್ನುವುದಕ್ಕೂ ಕಿಡಿಯ ಬಿಸಿಗೂ ಸಂಬಂಧವಿಲ್ಲ. ಒಳಗಿರುವ ಪಿಂಗಾಣಿಯ ಮೂತಿ ಉದ್ದವಿದ್ದರೆ ಅದರ ಬಿಸಿ ಹೆಡ್ಡಿಗೆ ದಾಟಲು ದೂರ ಹೋಗಬೇಕು, ಹಾಗಾಗಿ ಬಿಸಿಯಾಗೇ ಉಳಿಯುತ್ತದೆ. ಮೂತಿ ಗಿಡ್ಡವಿದ್ದರೆ ಬೇಗ ತಣಿಯುತ್ತದೆ. ಆ ಮೂತಿ ಸುಮಾರು 450ರಿಂದ 500 ಡಿಗ್ರಿ ಮುಟ್ಟಿದರೆ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850 ದಾಟಿ ಮೇಲೇರುತ್ತಾ ಹೋದರೆ ಕಿಡಿ ಬೀಳುವ ಮೊದಲೇ ಕೆಂಪಾದ ಮೂತಿಯೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಆಮೇಲೆ ಪಿಸ್ಟನ್ನಿನ ತಲೆ ತೂತಾಗಲು ಹೆಚ್ಚು ಹೊತ್ತು ಬೇಡ. ಒಂದು ಹೆಜ್ಜೆ ಕೋಲ್ಡ್ ಆದರೆ ಮಸಿ ಹಿಡಿಯುತ್ತದೆ, ನಾಲ್ಕು ಪ್ಲಗ್ಗಿನ ದುಡ್ಡು ಹೋಗುತ್ತದೆ. ಒಂದು ಹೆಜ್ಜೆ ಹಾಟ್ ಆದರೆ ಇಂಜಿನ್ನೇ ಹೋಗಬಹುದು. ದಮ್ಮಿರುವ ಇಂಜಿನ್ನಿನಲ್ಲಿ ಅನುಮಾನ ಬಂದರೆ ಕೋಲ್ಡ್ ಕಡೆಗೇ ಇರು.

ನಂಬರಿನ ವಿಷಯದಲ್ಲಿ ಎಚ್ಚರ. ಎನ್‌ಜಿಕೆಯಲ್ಲಿ ನಂಬರು ದೊಡ್ಡದಾದಷ್ಟೂ ಕೋಲ್ಡ್: ಬಿಪಿ6ಇಎಸ್‌ಗಿಂತ ಬಿಪಿ7ಇಎಸ್ ಒಂದು ಹೆಜ್ಜೆ ಕೋಲ್ಡ್. ಈಗಿನ ಬಾಷ್‌ನಲ್ಲಿ ಪೂರಾ ಉಲ್ಟಾ, ಡಬ್ಲ್ಯೂ8 ಹಾಟ್, ಡಬ್ಲ್ಯೂ5 ಕೋಲ್ಡ್. ಚಾಂಪಿಯನ್ನಿನಲ್ಲೂ ಹಾಗೇ, ಎನ್12ವೈಗಿಂತ ಎನ್9ವೈ ಕೋಲ್ಡ್. ನಮ್ಮ ಆಡುಗೋಡಿಯ ಮೈಕೋ ಹಳೆಯ ಪ್ಲಗ್ಗುಗಳ ಮೇಲೆ 145, 175, 225 ಅಂತಿರುತ್ತಿತ್ತು. ಅಲ್ಲಿ ಮತ್ತೆ ದೊಡ್ಡದೇ ಕೋಲ್ಡ್. ಜೆ.ಸಿ. ರೋಡಿನಲ್ಲಿ ಹಳೆಯ ಸ್ಟಾಕ್ ಸಿಕ್ಕಿತು ಅಂತ ಒಂದು ಕಂಪನಿಯ ಲೆಕ್ಕದಲ್ಲಿ ಇನ್ನೊಂದು ಕಂಪನಿಯ ಪ್ಲಗ್ಗು ತರಬೇಡ. ಹೊಂದಾಣಿಕೆಯ ಪಟ್ಟಿ ನೋಡಿಯೇ ತಾ.

ಈಗ ಮಸಿಯ ಮಾತಿಗೆ ಬರೋಣ. ಪ್ಲಗ್ಗು ಬಿಚ್ಚಿ ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ ಇಡು, ಕಲಸಬೇಡ. ನಾಲ್ಕರಲ್ಲೂ ಒಂದೇ ಥರ ಒಣ ಮಸಿ, ಬೆರಳಿಗೆ ಹತ್ತಿಕೊಳ್ಳುವಂಥದ್ದು ಇದ್ದರೆ ಪೆಟ್ರೋಲು ಜಾಸ್ತಿ, ಇಲ್ಲವೇ ಉರಿಗೆ ಬಿಸಿ ಸಾಲದು. ಆ ಮಸಿ ಬರೀ ಕೊಳಕಲ್ಲ, ಅದರೊಳಗೆ ಕರೆಂಟು ಹರಿಯುತ್ತದೆ. ಕಾಯಿಲ್ ಕಳಿಸಿದ ಕರೆಂಟು ಗ್ಯಾಪು ಹಾರುವ ಬದಲು ಪಿಂಗಾಣಿಯ ಮೇಲಿನ ಮಸಿ ಹಿಡಿದು ಬಾಡಿಗೆ ಇಳಿದುಬಿಡುತ್ತದೆ. ಮಲ್ಟಿಮೀಟರಿನ ಒಂದು ತುದಿ ಪ್ಲಗ್ಗಿನ ನೆತ್ತಿಗೆ, ಇನ್ನೊಂದು ಬಾಡಿಗೆ ಇಟ್ಟು ನೋಡು. ಒಳ್ಳೆಯ ಪ್ಲಗ್ಗಿನಲ್ಲಿ ಮೀಟರ್ ಏನೂ ತೋರಿಸಬಾರದು. ಕಿಲೋ ಓಮ್ ತೋರಿಸಿದರೆ ಆ ಪ್ಲಗ್ಗು ಶಾರ್ಟ್.

ಕಾರ್ಬುರೇಟರ್ ಬಿಚ್ಚುವ ಮುನ್ನ ಥರ್ಮೋಸ್ಟಾಟ್ ಇದೆಯಾ ನೋಡು. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಊರಿನ ಬಿಸಿಲಿಗೆ ಅದು ಯಾಕೆ ಅಂತ ಮೆಕ್ಯಾನಿಕ್ಕುಗಳು ಕಿತ್ತು ಬಿಸಾಡುವುದು ತುಂಬಾ ಹಳೆಯ ಅಭ್ಯಾಸ. ಗಾಡಿ ಕಾಯುವುದಿಲ್ಲವಲ್ಲ ಅಂತ ಓನರಿಗೂ ಖುಷಿ. ಆದರೆ ಡಿಸೆಂಬರಿನ ಬೆಳಗ್ಗೆ ಆ ಇಂಜಿನ್ನು ಹತ್ತು ಕಿಲೋಮೀಟರ್ ಓಡಿದರೂ ತಣ್ಣಗೇ ಇರುತ್ತದೆ. ಪೆಟ್ರೋಲು ಆವಿಯಾಗದೆ ಹನಿಹನಿಯಾಗಿ ಒಳಗೆ ಹೋಗುತ್ತದೆ, ಚೋಕ್ ಬಿಡಲು ಆಗುವುದಿಲ್ಲ, ಪ್ಲಗ್ಗಿನ ಮೂತಿ ಸುಡುವ ಬಿಸಿ ಮುಟ್ಟುವುದೇ ಇಲ್ಲ. ಕಡಿಮೆ ದುಡ್ಡಿಗೆ ಸಿಗುವ ಆ ಬಿರಡೆ ತಿರುಗಿ ಕೂರಿಸಿದ ಮೇಲೆ ಮಸಿಯ ಕಾಟ ಅರ್ಧ ಇಳಿದ ಗಾಡಿಗಳಿವೆ. ಕಾಯುತ್ತದೆ ಅನ್ನುವ ಭಯವಿದ್ದರೆ ರೇಡಿಯೇಟರ್ ರಾಡಿಂಗ್ ಮಾಡಿಸು. ಥರ್ಮೋಸ್ಟಾಟ್ ಕೀಳಬೇಡ.

ಆಮೇಲೆ ಚೋಕ್. ನಾಬ್ ಒಳಗೆ ತಳ್ಳಿದಾಗ ಕೇಬಲ್ಲು ನಿಜವಾಗಿ ಪೂರಾ ವಾಪಸು ಬರುತ್ತದಾ ಅಂತ ಬಾನೆಟ್ ಎತ್ತಿ ಕಣ್ಣಲ್ಲಿ ನೋಡು. ವೆಬರ್ ಹಾಕಿದವರ ಇನ್ನೊಂದು ತಾಪತ್ರಯ ಎಲೆಕ್ಟ್ರಿಕ್ ಪಂಪ್. ಒಬ್ಬ ಹುಡುಗನ ಗಾಡಿ ಪ್ರತಿ ಸಿಗ್ನಲ್ಲಿನಲ್ಲೂ ಆಫ್ ಆಗುತ್ತಿತ್ತು. ಜೆಟ್ ಬದಲಿಸಿ ಬದಲಿಸಿ ಸುಸ್ತಾಗಿದ್ದ. ಪಂಪಿನ ಪೈಪಿಗೆ ಗೇಜ್ ಕಟ್ಟಿ ನೋಡಿದರೆ ವೆಬರ್‌ಗೆ ಸಾಕಾಗುವ ಮೂರು ಪೌಂಡಿನ ಎರಡರಷ್ಟು ಒತ್ತಡ. ಫ್ಲೋಟ್ ಎಷ್ಟು ಮೇಲೆದ್ದರೂ ನೀಡಲ್ ವಾಲ್ವ್ ತಡೆಯಲಾರದು, ಪೆಟ್ರೋಲು ಉಕ್ಕಿ ಒಳಗಿಳಿಯುತ್ತಿತ್ತು. ರೆಗ್ಯುಲೇಟರ್ ಹಾಕಿ, ಫ್ಲೋಟ್ ಲೆವೆಲ್ ಸರಿ ಮಾಡಿದ ಮೇಲೆ ಅವೇ ಜೆಟ್ಟುಗಳಲ್ಲಿ ಗಾಡಿ ನೆಟ್ಟಗೆ ಓಡಿತು. ದೊಡ್ಡ ಕ್ಯಾಮ್ ಇರುವ ಇಂಜಿನ್ನನ್ನು ಸ್ಟಾಕ್ ಫಿಯೆಟ್ಟಿನ ಹಾಗೆ ಮೆಲ್ಲಗೆ ಐಡಲ್ ಮಾಡಿಸಲು ಹಟ ಹಿಡಿಯಬೇಡ. ಹಾಗೆ ಮಾಡಲು ಹೋಗಿ ಸ್ಕ್ರೂ ತಿರುಗಿಸಿ ಪೆಟ್ರೋಲು ಜಾಸ್ತಿ ಕೊಡುತ್ತೀಯ, ಮಸಿ ಅಲ್ಲಿಂದಲೇ ಶುರು. ಸಾವಿರ ಆರ್‌ಪಿಎಂ ಹತ್ತಿರ ಬಿಡು, ಬಡಬಡ ಅನ್ನಲಿ.

ಕಿಡಿಯ ಕಡೆಯೂ ಅಷ್ಟೇ ಗಮನ ಬೇಕು. ಮೂರು ಓಮಿನ ಕಾಯಿಲ್ಲಿಗೆ ಬ್ಯಾಲಾಸ್ಟ್ ರೆಸಿಸ್ಟರ್ ಬೇಡ. ವೈರಿಂಗಿನಲ್ಲಿ ಅದು ಸುಮ್ಮನೆ ಉಳಿದಿದ್ದರೆ ಕಿಡಿ ಸಪ್ಪೆ. ಡೈನಮೋ ಇರುವ ಹಳೆಯ ಗಾಡಿಯಲ್ಲಿ ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ವೋಲ್ಟೇಜ್ ಬೀಳುತ್ತದೆ, ಕಿಡಿ ಕುಗ್ಗುತ್ತದೆ. ಪಾಯಿಂಟ್ ಕರಿಕಟ್ಟಿದೆಯಾ, ಕಂಡೆನ್ಸರ್ ಸರಿ ಇದೆಯಾ, ಬಾಡಿ ಅರ್ತ್ ತುಕ್ಕು ಹಿಡಿದಿದೆಯಾ ನೋಡು. ಒಳ್ಳೆಯ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಸ್ವಲ್ಪ ಮಸಿಯಿದ್ದರೂ ಪ್ಲಗ್ಗು ಹೊಡೆಯುತ್ತದೆ. ಅದಕ್ಕೆ ಹಾಕುವ ದುಡ್ಡು ನನ್ನ ಮಟ್ಟಿಗೆ ದಂಡವಲ್ಲ.

ಒಂದೇ ಸಿಲಿಂಡರಿನ ಪ್ಲಗ್ಗು ಒದ್ದೆ, ಜಿಡ್ಡು, ಮಿರಿಮಿರಿ ಕಪ್ಪು ಇದ್ದರೆ ಅದು ಪೆಟ್ರೋಲಲ್ಲ, ಆಯಿಲ್. ಕಂಪ್ರೆಷನ್ ಗೇಜ್ ಹಾಕಿ ನೋಡು, ಆಮೇಲೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡು. ಏರಿದರೆ ರಿಂಗು ಹೋಗಿದೆ. ಶಿರಾಡಿ ಘಾಟಿಯನ್ನು ಗೇರಿನಲ್ಲೇ ಇಳಿದು, ಕೆಳಗೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಹೊಗೆ ಎದ್ದರೆ ವಾಲ್ವ್ ಗೈಡ್ ಸವೆದಿದೆ. ಇದಕ್ಕೆ ಹಾಟ್ ಪ್ಲಗ್ಗು ಹಾಕುವುದು ಊರಿಗೆ ವಾಪಸು ಬರಲಿಕ್ಕೆ ಮಾತ್ರ, ಮದ್ದಲ್ಲ. ಪಿಂಗಾಣಿಯ ಮೇಲೆ ಇಟ್ಟಿಗೆ ಬಣ್ಣದ ಕೆಂಪು ಪದರ ಕಂಡರೆ ಟ್ಯಾಂಕಿಗೆ ಸುರಿದ ಆಕ್ಟೇನ್ ಬೂಸ್ಟರ್ ನೆನಪು ಮಾಡಿಕೋ. ಕೆಲವು ಬಾಟಲಿಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ, ಆ ಪದರದಲ್ಲೂ ಕರೆಂಟು ಹರಿಯುತ್ತದೆ, ಸುಟ್ಟು ಹೋಗುವುದೂ ಇಲ್ಲ. ಆ ಪ್ಲಗ್ಗು ಎಸೆ, ಬಾಟಲಿಯನ್ನೂ ಬಿಡು.

ಪ್ಲಗ್ಗಿನ ಬಣ್ಣ ನೋಡುವಾಗ ಹಳೆಯ ಪುಸ್ತಕದ ಬಿಸ್ಕತ್ತು ಬಣ್ಣ ಹುಡುಕಬೇಡ. ಅದು ಸೀಸ ಬೆರೆತ ಪೆಟ್ರೋಲಿನ ಕಾಲದ ಲೆಕ್ಕ. ಆ ಪೆಟ್ರೋಲು ನಮ್ಮ ದೇಶದಲ್ಲಿ 2000ರಲ್ಲೇ ನಿಂತಿತು. ಈಗ ಇ20, ಶೇಕಡಾ 20 ಎಥನಾಲ್. ಪೆಟ್ರೋಲಿಗೆ ಒಂದಕ್ಕೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ 13.5ರ ಹತ್ತಿರ ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಮಿಕ್ಸ್ಚರ್ ತೆಳುವಾಗುತ್ತದೆ. ಇ20 ಹಾಕಿಯೂ ನಾಲ್ಕು ಪ್ಲಗ್ಗು ಕಪ್ಪಾಗುತ್ತಿವೆ ಅಂದರೆ ಎಲ್ಲೋ ದೊಡ್ಡ ಹುಳುಕಿದೆ ಅಂತ ತಿಳಿ. ಬದಲಿಗೆ ಪಿಂಗಾಣಿ ಸುಣ್ಣದಷ್ಟು ಬಿಳಿಯಾಗಿ, ಮೇಲೆ ಸಾಸಿವೆಗಿಂತ ಸಣ್ಣ ಮಿನುಗುವ ಚುಕ್ಕೆ ಕಂಡರೆ ಅಲ್ಲೇ ಗಾಡಿ ನಿಲ್ಲಿಸು. ಆ ಚುಕ್ಕೆ ನಿನ್ನ ಪಿಸ್ಟನ್ನಿನ ಅಲ್ಯೂಮಿನಿಯಂ.

ಇಷ್ಟೆಲ್ಲ ಸರಿಯಾದ ಮೇಲೆ ಪ್ಲಗ್ಗು ಆರಿಸು. ಸ್ಟಾಕ್ ಇಂಜಿನ್ನಿಗೆ ಹೇಳಿದ್ದಕ್ಕಿಂತ ಒಂದೇ ಹೆಜ್ಜೆ ಕೋಲ್ಡ್, ಎರಡು ಬೇಡ. ಮೂತಿ ಹೊರಗೆ ಚಾಚಿರುವ ಜಾತಿ ಸಿಕ್ಕಿದರೆ ಅದೇ ಇರಲಿ, ಎನ್‌ಜಿಕೆಯಲ್ಲಿ ಪಿ ಅಕ್ಷರ ಇರುವುದು. ಮೆಲ್ಲಗೆ ಓಡುವಾಗ ಅದು ಬೇಗ ಬಿಸಿಯಾಗಿ ಮಸಿ ಸುಡುತ್ತದೆ, ಜೋರಾಗಿ ಓಡಿಸಿದಾಗ ಒಳಬರುವ ಮಿಕ್ಸ್ಚರ್ ಅದನ್ನು ತಣಿಸುತ್ತದೆ. ನಿನ್ನಂಥ ಎರಡು ಬಾಳಿನ ಗಾಡಿಗೆ ಹೇಳಿ ಮಾಡಿಸಿದ್ದು. ಆದರೆ ಹೆಡ್ಡು ಫೇಸಿಂಗ್ ಆಗಿದೆ, ಹೊಸ ಕ್ಯಾಮ್ ವಾಲ್ವನ್ನು ಜಾಸ್ತಿ ಇಳಿಸುತ್ತದೆ. ಮೂತಿ ಯಾವುದಕ್ಕೂ ತಾಗುವುದಿಲ್ಲ ಅಂತ ಮಕ್ಕಳ ಆಟದ ಕ್ಲೇ ಇಟ್ಟು ಕೈಯಲ್ಲಿ ಇಂಜಿನ್ ತಿರುಗಿಸಿ ನೋಡಿಕೋ. ಥ್ರೆಡ್ಡಿನ ಉದ್ದ 12.7 ಮಿಲಿಮೀಟರೋ 19 ಮಿಲಿಮೀಟರೋ ಅನ್ನುವುದನ್ನು ಹಳೆಯ ಪ್ಲಗ್ಗು ಅಳೆದೇ ತಿಳಿ. ಇರಿಡಿಯಮ್ಮಿಗೆ ದುಡ್ಡು ಸುರಿಯಬೇಡ. ಮಿಕ್ಸ್ಚರ್ ತಪ್ಪಿದ ಇಂಜಿನ್ನಿನಲ್ಲಿ ಅದೂ ಕಪ್ಪಾಗುತ್ತದೆ. ಮಾಮೂಲಿ ನಿಕ್ಕಲ್ ಪ್ಲಗ್ಗು, ಪಾಯಿಂಟ್ ಇದ್ದರೆ 0.6 ಮಿಲಿಮೀಟರ್ ಗ್ಯಾಪು. ಡಬ್ಬಿ ನೋಡಿ ನಂಬಬೇಡ, ನಕಲಿ ಬಹಳ ಓಡಾಡುತ್ತಿದೆ. ನಡುವಿನ ಕಡ್ಡಿ ನೆಟ್ಟಗಿದೆಯಾ, ಅಚ್ಚು ತಿದ್ದಿದ ಹಾಗಿದೆಯಾ, ವಾಷರ್ ಸಡಿಲವಾಗಿ ಕೈಗೇ ಬರುತ್ತದಾ ಅಂತ ಅಂಗಡಿಯಲ್ಲೇ ನೋಡು.

ಫಿಯೆಟ್ಟಿನ ಹೆಡ್ಡು ಅಲ್ಯೂಮಿನಿಯಂ. ಇಂಜಿನ್ ಪೂರಾ ತಣ್ಣಗಾದ ಮೇಲೆ ಬಿಚ್ಚು. ಹಾಕುವಾಗ ಬೆರಳಲ್ಲೇ ಕೊನೆವರೆಗೂ ತಿರುಗಿಸು, ಹೊಸ ವಾಷರ್ ಕೂತ ಮೇಲೆ ಪಾನಾದಿಂದ ಅರ್ಧ ಸುತ್ತಿಗಿಂತ ಚೂರು ಹೆಚ್ಚು, ಅಷ್ಟೇ. ಹಳೆಯ ಪ್ಲಗ್ಗನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಡ, ಪಿಂಗಾಣಿಗೆ ಲೋಹದ ಗೆರೆ ಹತ್ತಿ ಅದೇ ಕರೆಂಟಿಗೆ ದಾರಿಯಾಗುತ್ತದೆ. ಮರಳು ಊದುವ ಮಷೀನಿಗೂ ಕೊಡಬೇಡ; ಸಂದಿಯಲ್ಲಿ ಉಳಿದ ಮರಳು ಬೋರಿಗೆ ಬೀಳುತ್ತದೆ.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗುವ ಆಸೆ ನಿನಗಿದೆ ಅಂತ ಗೊತ್ತು. ಅದಕ್ಕೆ ಇನ್ನೊಂದು ಹೆಜ್ಜೆ ಕೋಲ್ಡ್ ಆದ ನಾಲ್ಕು ಪ್ಲಗ್ಗು ಬೇರೆಯೇ ಇಟ್ಟುಕೋ. ಬೆಂಗಳೂರಿನಿಂದ ರೋಡಿನ ಪ್ಲಗ್ಗಿನಲ್ಲೇ ಓಡಿಸಿಕೊಂಡು ಹೋಗು, ಇಂಜಿನ್ ಬಿಸಿಯಾಗುವವರೆಗೂ ಅದೇ ಇರಲಿ, ತಣಿಯಲು ಬಿಟ್ಟು ಆಮೇಲೆ ಬದಲಿಸು. ಓಟ ಮುಗಿದ ಮೇಲೆ ಗೇಟು ದಾಟುವ ಮೊದಲೇ ಮತ್ತೆ ರೋಡಿನ ಪ್ಲಗ್ಗು ಹಾಕಿಕೋ, ಇಲ್ಲದಿದ್ದರೆ ಶ್ರೀಪೆರಂಬದೂರಿನ ಟ್ರಾಫಿಕ್ಕಿನಲ್ಲೇ ನಾಲ್ಕೂ ಕಪ್ಪಾಗಿರುತ್ತವೆ.