ಯಂತ್ರಭಾಷೆಯ ಮಾರುವೇಷ

ಗಣಕಯಂತ್ರವು ಬಲ್ಲ ಭಾಷೆ ಅಂಕಿಗಳದು. ನಾವು ಬರೆದ ಆಜ್ಞೆಗಳು 0 ಮತ್ತು 1ರ ಸಾಲುಗಳಾಗಿ ಮಾರ್ಪಟ್ಟಲ್ಲದೆ ಅದಕ್ಕೆ ತಿಳಿಯವು. ಈ ಸಾಲುಗಳಿಗೆ ಯಂತ್ರಸಂಕೇತವೆಂದು ಹೆಸರು. ಕೆಲಸವು ಕೆಡದಂತೆ, ಆದರೆ ಪರೀಕ್ಷಿಸುವವನಿಗೆ ಗುರುತು ಹತ್ತದಂತೆ ಇದನ್ನು ತಿರುಚಿ ಬರೆಯುವ ವಿದ್ಯೆಯೊಂದುಂಟು. ಅದರ ಮೂರು ವಿಧಾನಗಳನ್ನು ನೋಡೋಣ.

1. ಬದಲಿ ಆಜ್ಞೆ: 'ಮೂರನ್ನು ಕೂಡು' ಎನ್ನುವ ಬದಲು 'ಐದನ್ನು ಕೂಡಿ ಎರಡನ್ನು ಕಳೆ' ಎಂದರೆ ಬರಹ ಬೇರೆ, ಫಲ ಒಂದೇ.

2. ವ್ಯರ್ಥ ಆಜ್ಞೆ: ಇಂಟೆಲ್ 8086 ವಂಶದ ಯಂತ್ರಗಳಲ್ಲಿ 144 ಎಂಬ ಸಂಕೇತಕ್ಕೆ 'ಏನನ್ನೂ ಮಾಡಬೇಡ' ಎಂದರ್ಥ. ಇಂಥವನ್ನು ನಡುನಡುವೆ ತುಂಬಿದರೆ ರೂಪವು ಬದಲಾಗುವುದು, ಕೆಲಸವು ಬದಲಾಗದು.

3. ಗೂಢಲಿಪಿ: 72 ಎಂಬುದು ದ್ವಿಮಾನ ಪದ್ಧತಿಯಲ್ಲಿ 1001000. ಕೀಲಿಯಾದ 5ನ್ನು 0000101 ಎಂದು ಅದರ ಕೆಳಗೆ ಬರೆಯಿರಿ. ಮೇಲಿನ ಮತ್ತು ಕೆಳಗಿನ ಅಂಕಿಗಳು ಒಂದೇ ಆಗಿದ್ದಲ್ಲಿ 0, ಬೇರೆಯಾಗಿದ್ದಲ್ಲಿ 1 ಎಂದು ಗುರುತಿಸಿರಿ. 1001101, ಅಂದರೆ 77 ಬರುವುದು. 77ಕ್ಕೆ ಅದೇ ಕೀಲಿಯನ್ನು ಮತ್ತೆ ಹಚ್ಚಿದರೆ 72 ಮರಳುವುದು. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡತಕ್ಕದ್ದು.

ತಮ್ಮ ಕೃತಿಯನ್ನು ಅನ್ಯರು ಕದಿಯದಂತೆ ಕಾಯಲು ತಂತ್ರಾಂಶ ರಚಿಸುವವರೂ ಈ ವಿದ್ಯೆಯನ್ನು ಬಳಸುವರು. ಆದರೆ ಹಾನಿಕರವಾದ ವೈರಸ್‌ಗಳಿಗೂ ಇದೇ ಮುಸುಕು. ವೈರಸ್‌ಗಳಲ್ಲಿ ಬದಲಾಗದೆ ಇರುವ ಅಂಕಿಗಳ ಸಾಲನ್ನು ಗುರುತಾಗಿಟ್ಟುಕೊಂಡು ಅವುಗಳನ್ನು ಹಿಡಿಯುವುದು ಮೊದಲಿನ ಪದ್ಧತಿ. 1987ರ ಸುಮಾರಿಗೆ ಕಾಣಿಸಿಕೊಂಡ ಕ್ಯಾಸ್ಕೇಡ್ ಎಂಬುದು ಪರದೆಯ ಮೇಲಿನ ಅಕ್ಷರಗಳನ್ನು ತರಗೆಲೆಗಳಂತೆ ಉದುರಿಸುತ್ತಿತ್ತು. ಅದರ ಒಡಲು ಗೂಢಲಿಪಿಯಲ್ಲಿದ್ದರೂ ಆ ಲಿಪಿಯನ್ನು ಬಿಡಿಸುವ ಮೊದಲ ಭಾಗವು ಬದಲಾಗುತ್ತಿರಲಿಲ್ಲ. ಆದುದರಿಂದ ಅದು ಸಿಕ್ಕಿಬಿದ್ದಿತು. 1990ರಲ್ಲಿ ಬಂದ '1260' ಎಂಬ ವೈರಸ್ ವ್ಯರ್ಥ ಆಜ್ಞೆಗಳನ್ನು ಸೇರಿಸಿ, ಆಜ್ಞೆಗಳ ಕ್ರಮವನ್ನು ಪಲ್ಲಟಗೊಳಿಸಿ, ಬಿಡಿಸುವ ಭಾಗವನ್ನೂ ಪ್ರತಿ ಬಾರಿ ಹೊಸದಾಗಿಸುತ್ತಿತ್ತು. ಹಳೆಯ ಗುರುತು ನಿಷ್ಪ್ರಯೋಜಕವಾಯಿತು.

ಇದಕ್ಕೆ ಪರಿಹಾರವೇನು? ವೇಷವು ಎಷ್ಟೇ ಬದಲಾದರೂ ಕೆಲಸಕ್ಕೆ ಇಳಿಯುವಾಗ ವೈರಸ್ ತನ್ನ ಗೂಢಲಿಪಿಯನ್ನು ತಾನೇ ಬಿಡಿಸಿಕೊಳ್ಳಬೇಕು. ಇಲ್ಲವಾದರೆ ಯಂತ್ರಕ್ಕೂ ಅದು ಅರ್ಥವಾಗದು. ಈ ಮರ್ಮವನ್ನರಿತ ತಜ್ಞರು ಗಣಕದೊಳಗೆ ಒಂದು ಕಲ್ಪಿತ ಗಣಕವನ್ನು ರಚಿಸಿ, ಸಂಶಯಾಸ್ಪದವಾದುದನ್ನು ಅಲ್ಲಿ ನಡೆಯಗೊಟ್ಟು, ಮುಸುಕು ಸರಿದೊಡನೆ ಗುರುತಿಸುವ ಉಪಾಯವನ್ನು ರೂಢಿಗೆ ತಂದರು. ರೂಪವನ್ನು ನೋಡಿ ಮೋಸಹೋಗುವಲ್ಲಿ ನಡತೆಯನ್ನು ನೋಡಿ ಹಿಡಿದುದೇ ಇದರ ಸಾರ.

ಇಂದು ಮಕ್ಕಳ ಕೈಯಲ್ಲಿಯೂ ಮೊಬೈಲ್ ಇದೆ. ಅದರಲ್ಲಿಯೇ ಮನೆಯ ಹಣದ ವ್ಯವಹಾರವೂ ನಡೆಯುತ್ತಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆಟದ ಹೆಸರಿನಿಂದ ಅಪರಿಚಿತರು ಕಳುಹಿಸಿದ ತಂತ್ರಾಂಶವನ್ನು ಮಕ್ಕಳು ತೆರೆಯಬಾರದು. ಹಿರಿಯರು ಮೊಬೈಲಿನ ರಕ್ಷಣಾ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸತಕ್ಕದ್ದು. ಮುಸುಕನ್ನು ಸರಿಸುವ ವಿದ್ಯೆಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಕಲಿಯಲೆಂದು ನಾವು ಹಾರೈಸುತ್ತೇವೆ.